ಬಸಳೆಯ ನೆಂಟ, ತುಳಸಿಯ ನೆಂಟ

ಬೆಂಗಳೂರಿನ ಶಂಕರಪುರದಲ್ಲಿ ಹೊಸಬರ ಪರಿಚಯವಾದರೆ ಕಾಫಿ ಬರುವುದರೊಳಗೆ ಮೂರು ಪ್ರಶ್ನೆ ಮುಗಿದಿರುತ್ತವೆ: ಯಾವ ಕಡೆಯವರು, ಯಾರ ಪೈಕಿ, ಇಲ್ಲಿಗೆ ಬಂದು ಎಷ್ಟು ಕಾಲವಾಯಿತು. ಶಂಕರ ಮಠದ ಅಂಗಳದಲ್ಲಿ, ತರಕಾರಿ ಗಾಡಿಯ ಮುಂದೆ, ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುವಾಗ ಈ ವಿಚಾರಣೆ ನಡೆಯುತ್ತಲೇ ಇರುತ್ತದೆ. ಹಾಸನದಿಂದಲೋ ಮುಳಬಾಗಿಲಿನಿಂದಲೋ ತಂಜಾವೂರಿನಿಂದಲೋ ಬಂದು ಒಂದೇ ಸಾಲಿನಲ್ಲಿ ಮನೆ ಕಟ್ಟಿಕೊಂಡವರ ಪೇಟೆ ಇದು. ಎದುರು ಮನೆಯವರು ಯಾರ ಕಡೆಯವರೆಂದು ಗೊತ್ತಾಗದೆ ಇಲ್ಲಿ ಯಾರಿಗೂ ನಿದ್ದೆ ಬರುವುದಿಲ್ಲ. ಈ ಚಾಳಿಯನ್ನು ನಾನು ಗಿಡಗಳ ಮೇಲೂ ಹೇರುತ್ತೇನೆ. ಕಳೆದ ಶ್ರಾವಣದ ಕೊನೆಯಲ್ಲಿ ಕಾಸರಗೋಡಿನ ಒಂದು ಪದವಿನ ಮೇಲೆ, ಅಂಗೈಯಗಲ ಜಾಗದಲ್ಲಿ ಒತ್ತಿಕೊಂಡು ಬೆಳೆದಿದ್ದ ಎರಡು ಪುಟ್ಟ ಗಿಡಗಳನ್ನು ‘ಯಾರ ಪೈಕಿ’ ಎಂದು ವಿಚಾರಿಸಲು ಹೋದೆ. ಸಿಕ್ಕ ಉತ್ತರ ತಲೆಯಿಂದ ಇನ್ನೂ ಇಳಿದಿಲ್ಲ.

ಅತ್ತಿಗೆಯ ತವರು ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಿಂದ ಒಳಗೆ, ತೋಟ ಮತ್ತು ಗುಡ್ಡೆಗಳ ನಡುವೆ. 1956ರ ನವೆಂಬರ್ 1ರಂದು ಈ ಸೀಮೆ ಕೇರಳಕ್ಕೆ ಸೇರಿತು. ಬಸ್ಸಿನ ಬೋರ್ಡು ಮಲಯಾಳದಲ್ಲಿ, ಕಂಡಕ್ಟರನ ಮಾತು ತುಳುವಿನಲ್ಲಿ, ಜಗಲಿಯ ಮೇಲೆ ಬಿದ್ದಿರುವ ಪತ್ರಿಕೆ ಕನ್ನಡದಲ್ಲಿ. ಸಂಪಾಜೆ ಘಾಟಿ ಇಳಿಯುವಾಗ ಶುರುವಾದ ಮಳೆ ಮನೆಯ ಅಂಗಳದವರೆಗೂ ಬಿಟ್ಟಿರಲಿಲ್ಲ. ಅತ್ತಿಗೆಯ ಅಣ್ಣ ಕೊಡೆ ಹಿಡಿದು ತೋಟದ ಸಂಕದವರೆಗೆ ಬಂದಿದ್ದರು. ನಾವಿಬ್ಬರೂ ಪರಸ್ಪರ ‘ಭಾವ’. ಅಡಿಕೆಗೆ ಎರಡನೇ ಮದ್ದು ಬಿಡಲಿಕ್ಕೆ ಮಳೆ ಬಿಡುವು ಕೊಡದೆ ಅವರ ಮುಖ ಸಣ್ಣದಾಗಿತ್ತು. ಬೋರ್ಡೋ ದ್ರಾವಣದ ನೀಲಿ ಡ್ರಮ್ಮುಗಳು ಕೊಟ್ಟಿಗೆಯ ಪಕ್ಕ ತುಂಬಿಕೊಂಡು ಕೂತಿದ್ದವು.

“ನೀವು ಬಂದದ್ದು ಪದವು ನೋಡ್ಲಿಕ್ಕಾ? ಎಂತ ಉಂಟು ಭಾವ ಅಲ್ಲಿ, ಬರೀ ಪಾದೆ. ಬೇಕಾದ್ರೆ ಅನಂತಪುರಕ್ಕೆ ಹೋಗುವ, ಕೆರೆ ಮಧ್ಯದ ದೇವಸ್ಥಾನ ನೋಡಬಹುದು.”

ಬೆಳಿಗ್ಗೆ ಬಾಳೆಲೆಯಲ್ಲಿ ಪತ್ರೊಡೆ ಬಂತು, ಜೊತೆಗೆ ಜೋನಿ ಬೆಲ್ಲ. ಕೆಸುವಿನೆಲೆಯ ಒಳಗೆ ಸೂಜಿಯಂಥ ಆಕ್ಸಲೇಟ್ ಹರಳುಗಳಿರುತ್ತವೆ. ತಿನ್ನಲು ಬಂದ ಹುಳದ ಬಾಯಿಗೂ ದನದ ಗಂಟಲಿಗೂ ಅವು ಚುಚ್ಚುತ್ತವೆ. ಕರಾವಳಿಯ ಹೆಂಗಸರು ಆ ಎಲೆಗೆ ಹುಣಿಸೆಹುಳಿ ಸವರಿ, ಸುತ್ತಿ, ಹಬೆಯಲ್ಲಿ ಬೇಯಿಸಿ ತಿಂಡಿ ಮಾಡಿಬಿಟ್ಟರು. ಗಿಡವೊಂದು ತನ್ನ ರಕ್ಷಣೆಗೆ ಏನೇನು ಮಾಡಿಕೊಳ್ಳುತ್ತದೆ ಎಂಬ ಪಾಠ ಮೊದಲು ತಟ್ಟೆಯಿಂದಲೇ ಶುರುವಾಯಿತು ಅನ್ನಬೇಕು. ಭಾವನ ಮಗಳು ಹತ್ತಿರದ ಕನ್ನಡ ಶಾಲೆಯಲ್ಲಿ ಏಳನೇ ತರಗತಿ. ಶಾಲೆಯಲ್ಲಿ ಓಣಂ ಹೂವಿನ ರಂಗೋಲಿಯ ಸ್ಪರ್ಧೆ ಇತ್ತು, ಅವಳಿಗೆ ನೀಲಿ ಹೂ ಬೇಕಿತ್ತು. ಮಲಯಾಳದವರು ‘ಕಾಕ್ಕಪ್ಪೂವು’ ಎಂದು ಕರೆಯುವ ಆ ಹೂ ಪದವಿನ ಮೇಲೆ ಮಾತ್ರ ಸಿಗುತ್ತದಂತೆ. “ಮಾವ, ನಾನು ಕರ್ಕೊಂಡು ಹೋಗ್ತೇನೆ, ಅಪ್ಪನಿಗೆ ಅಲ್ಲಿ ಎಂತ ಉಂಟೂಂತ ಗೊತ್ತಿಲ್ಲ” ಎಂದಳು. ಭಾವ ನಕ್ಕು ನಮ್ಮ ಹಿಂದೆಯೇ ಹೊರಟರು.

ತೋಟ ಮುಗಿದು ಗೇರುಮರಗಳ ಇಳಿಜಾರು ಹತ್ತಿದರೆ ಒಮ್ಮೆಗೇ ಆಕಾಶ ಬಿಚ್ಚಿಕೊಳ್ಳುತ್ತದೆ. ಮರವಿಲ್ಲ, ಪೊದೆಯಿಲ್ಲ, ಮೈದಾನದಂತೆ ಚಪ್ಪಟೆಯಾದ ಕೆಂಪು ಕಪ್ಪು ಮಿಶ್ರಿತ ಮುರಕಲ್ಲು. ಅದರ ಮೇಲೆ ಬೆರಳುದ್ದದ ಹುಲ್ಲು, ಹುಲ್ಲಿನ ನಡುವೆ ಕಣಕಾಲು ಮುಳುಗದಷ್ಟು ನೀರು. ಇಂಥ ಮಟ್ಟಸ ಗುಡ್ಡದ ನೆತ್ತಿಗೇ ಇಲ್ಲಿ ಪದವು ಎನ್ನುತ್ತಾರೆ. ಮಳೆನೀರು ತಾನಾಗಿ ನಿಲ್ಲುವ ಹೊಂಡ ‘ಪಳ್ಳ’, ಕಟ್ಟೆ ಹಾಕಿ ನಿಲ್ಲಿಸಿದರೆ ‘ಮದಕ’. ಬೆಂಗಳೂರಿಗೆ ವರ್ಷಕ್ಕೆ 1000 ಮಿಲಿಮೀಟರ್ ಆಸುಪಾಸು ಮಳೆ ಬಂದರೆ ನಾವು ಒಳ್ಳೆಯ ವರ್ಷ ಎನ್ನುತ್ತೇವೆ. ಈ ಸೀಮೆಯಲ್ಲಿ ಸುಮಾರು 3500 ಸುರಿಯುತ್ತದೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಆ ನೀರು ಲಕ್ಷಾಂತರ ವರ್ಷ ಕಲ್ಲನ್ನು ತೊಳೆದು, ಗಿಡಕ್ಕೆ ಬೇಕಾದ ಸತ್ವವನ್ನೆಲ್ಲ ಕೆಳಗೆ ಒಯ್ದು, ಕಬ್ಬಿಣ ಮತ್ತು ಅಲ್ಯುಮಿನಿಯಮ್ಮಿನ ತುಕ್ಕನ್ನು ಮಾತ್ರ ಮೇಲೆ ಉಳಿಸಿದೆ. ಟಿಪ್ಪುವಿನ ಪತನದ ಮರುವರ್ಷ ಮದರಾಸಿನಿಂದ ಹೊರಟು ಮೈಸೂರು, ಮಲಬಾರ್, ಕನ್ನಡ ಜಿಲ್ಲೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಅವನ ಪ್ರವಾಸ ಗ್ರಂಥ ಅಚ್ಚಾದದ್ದು 1807ರಲ್ಲಿ. ನೆಲದೊಳಗೆ ಇರುವಾಗ ಕತ್ತಿಗೆ ಸಿಗುವಷ್ಟು ಮೆದು, ಗಾಳಿಗೆ ಬಂದರೆ ಇಟ್ಟಿಗೆಯಷ್ಟು ಗಟ್ಟಿ ಎಂಬುದು ಅವನನ್ನು ಬೆರಗುಗೊಳಿಸಿತ್ತು. ಇಲ್ಲಿಯವರಿಗೆ ಅದು ಮನೆಯ ಗೋಡೆ. ಗುಡ್ಡದ ಬದಿಯಲ್ಲಿ ಅದನ್ನೇ ಅಡ್ಡಕ್ಕೆ ಕೊರೆದು ಸುರಂಗ ತೋಡಿ ಬೇಸಗೆಯ ನೀರು ಹಿಡಿಯುತ್ತಾರೆ. ಭಾವನ ತೋಟಕ್ಕೂ ಒಂದು ಸುರಂಗದ ನೀರೇ. ಮೇಲೆ ಈ ಪಳ್ಳ ತುಂಬಿದ್ದರೆ ಕೆಳಗೆ ಮಾರ್ಚಿನಲ್ಲೂ ಅಡಿಕೆಗೆ ನೀರು ಎನ್ನುವ ಲೆಕ್ಕ ಅವರದು.

“ಇಲ್ಲಿ ನೋಡಿ ಮಾವ” ಎಂದು ಹುಡುಗಿ ಮಂಡಿಯೂರಿದಳು.

ಮೊದಲು ಕಂಡದ್ದು ಒಂದು ಕೆಂಪು ಕಲೆ. ರೂಪಾಯಿ ನಾಣ್ಯದಷ್ಟು ಅಗಲ, ನೆಲಕ್ಕೆ ಅಂಟಿಕೊಂಡ ಎಲೆಗಳ ಚಕ್ರ. ಪ್ರತಿ ಎಲೆಯೂ ತುದಿಯಲ್ಲಿ ಅಗಲವಾದ ಪುಟ್ಟ ಸೌಟು, ಸೌಟಿನ ತುಂಬ ಕೆಂಪು ಕೂದಲು, ಪ್ರತಿ ಕೂದಲಿನ ತುದಿಯಲ್ಲಿ ಒಂದು ಹೊಳೆಯುವ ಹನಿ. ಮಳೆ ನಿಂತು ಬಿಸಿಲು ಬಿದ್ದ ಹತ್ತು ನಿಮಿಷದಲ್ಲಿ ಸುತ್ತಲಿನ ಹುಲ್ಲಿನ ಹನಿಗಳೆಲ್ಲ ಆರಿದರೂ ಇವು ಆರಲಿಲ್ಲ. ನೀರಾಗಿದ್ದರೆ ತಾನೆ ಆರುವುದು. ಡ್ರೊಸೆರಾ ಬರ್ಮನಿ. ಒಂದು ಅಡಿ ಆಚೆ ಅದರ ಅಕ್ಕ ಡ್ರೊಸೆರಾ ಇಂಡಿಕಾ, ನೆಟ್ಟಗೆ ನಿಂತ ಕಾಂಡದಿಂದ ದಾರದಂಥ ಎಲೆಗಳು ನಾಲ್ಕೂ ಕಡೆಗೆ ಚಾಚಿ, ತುದಿ ಸುರುಳಿ ಸುತ್ತಿಕೊಂಡು, ಮೈಯೆಲ್ಲ ಅದೇ ಅಂಟು. ಜೇಬಿನಿಂದ ಭೂತಗನ್ನಡಿ ತೆಗೆದೆ. ಬರ್ಮನಿಯ ಒಂದು ಎಲೆಯ ಮೇಲೆ ಎಳ್ಳಿನ ಅರ್ಧದಷ್ಟಿದ್ದ ನೊಣ ಸಿಕ್ಕಿಬಿದ್ದಿತ್ತು. ಒಂದು ಕಾಲು ಬಿಡಿಸಿಕೊಳ್ಳಲು ಎಳೆದರೆ ಹನಿ ಉದ್ದಕ್ಕೆ ನೂಲಾಗಿ ಬರುತ್ತಿತ್ತು, ತುಂಡಾಗುತ್ತಿರಲಿಲ್ಲ. ಆ ಎಳೆದಾಟಕ್ಕೆ ಇನ್ನೊಂದು ಕಾಲು ಪಕ್ಕದ ಹನಿಗೆ. ಎಲೆಯ ಅಂಚಿನಲ್ಲಿರುವ ಉದ್ದನೆಯ ಕೂದಲುಗಳು ಅಷ್ಟರಲ್ಲಿ ಒಳಕ್ಕೆ ಬಾಗಿ ನೊಣವನ್ನು ಎಲೆಯ ನಡುವಿಗೆ ಒತ್ತಿದ್ದವು. ಈ ಜಾತಿಯಲ್ಲಿ ಅಂಚಿನ ಕೂದಲು ಕೆಲವೇ ಸೆಕೆಂಡುಗಳಲ್ಲಿ ಬಾಗುತ್ತದೆ. ಗಿಡವೊಂದು ಚಲಿಸುವುದನ್ನು ಕಣ್ಣಾರೆ ನೋಡುವುದು ಮುಟ್ಟಿದರೆ ಮುನಿಯ ಬಿಟ್ಟರೆ ನನಗೆ ಇದೇ ಮೊದಲು. ಮುನಿ ಹೆದರಿ ಮಡಚಿಕೊಳ್ಳುತ್ತದೆ, ಇದು ಮಡಚಿ ಹಿಡಿಯುತ್ತದೆ.

ಭಾವ ಕೊಡೆ ಊರಿ ಬಗ್ಗಿ ನೋಡಿದರು. “ಅಯ್ಯೋ ಮಾರಾಯ್ರೇ, ಇದರ ಮೇಲೆಯೇ ನಾನು ದನ ಹೊಡ್ಕೊಂಡು ಹೋದದ್ದು, ಸಣ್ಣಾಗಿರುವಾಗ.”

1860ರ ಬೇಸಗೆಯಲ್ಲಿ ಇಂಗ್ಲೆಂಡಿನ ಸಸೆಕ್ಸ್ ಸೀಮೆಯ ಜೌಗು ಬಯಲಲ್ಲಿ ಚಾರ್ಲ್ಸ್ ಡಾರ್ವಿನ್ ಕೂಡ ಇದೇ ಕುಲದ ಗಿಡವನ್ನು ಹೀಗೆಯೇ ಬಗ್ಗಿ ನೋಡಿದ. ಜೀವಿಗಳ ಉಗಮದ ಪುಸ್ತಕ ಹೊರಬಂದು ಒಂದು ವರ್ಷವೂ ಆಗಿರಲಿಲ್ಲ, ಊರೆಲ್ಲ ಅವನನ್ನು ಬೈಯುತ್ತಿತ್ತು. ಅವನು ಎಲೆಗೆ ಮಾಂಸದ ಚೂರು, ಹಾಲು, ಸಕ್ಕರೆ, ಎಣ್ಣೆ ಹಾಕಿ ಯಾವುದಕ್ಕೆ ಬಾಗುತ್ತದೆ ಎಂದು ಬರೆದುಕೊಳ್ಳುತ್ತಿದ್ದ. ಸಾರಜನಕ ಇರುವ ಪದಾರ್ಥಕ್ಕೆ ಬಾಗಿತು, ಸಕ್ಕರೆ ಎಣ್ಣೆಗೆ ಇಲ್ಲ. ಒಂದು ಮಿಲಿಗ್ರಾಮಿನ ಸಾವಿರದ ಒಂದು ಪಾಲಿಗಿಂತ ಹಗುರಾದ ಕೂದಲಿನ ತುಣುಕು ಇಟ್ಟರೂ ಬಾಗಿತು. ಮಳೆಹನಿ ಬಿದ್ದರೆ ಮಾತ್ರ ಅಲುಗಾಡಲಿಲ್ಲ. ಈ ಕೊನೆಯ ಮಾತಿನ ಬೆಲೆ ಇಂಗ್ಲೆಂಡಿನ ತುಂತುರಿಗಿಂತ ಕಾಸರಗೋಡಿನ ಮಳೆಯಲ್ಲಿ ಚೆನ್ನಾಗಿ ತಿಳಿಯುತ್ತದೆ. ಬೀಳುವ ಪ್ರತಿ ಹನಿಗೂ ಬಾಗತೊಡಗಿದರೆ ಈ ಗಿಡ ಆಷಾಢ ಕಳೆಯುವುದರೊಳಗೆ ಸುಸ್ತಾಗಿ ಸಾಯಬೇಕಿತ್ತು. ಹದಿನೈದು ವರ್ಷದ ಪ್ರಯೋಗಗಳನ್ನು ಅವನು 1875ರಲ್ಲಿ ಕೀಟಾಹಾರಿ ಸಸ್ಯಗಳ ಪುಸ್ತಕವಾಗಿ ತಂದ. ಮಗ ಫ್ರಾನ್ಸಿಸ್ 1878ರಲ್ಲಿ ಉಣಿಸಿದ ಗಿಡ, ಉಣಿಸದ ಗಿಡಗಳನ್ನು ಎದುರುಬದುರು ಇಟ್ಟು, ಉಣಿಸಿದ್ದೇ ಹೆಚ್ಚು ಬೀಜ ಕಟ್ಟುತ್ತದೆ ಎಂದು ತೋರಿಸಿದ.

ಹುಡುಗಿಗೆ ಬೇಕಾಗಿದ್ದ ನೀಲಿ ಹೂ ಡ್ರೊಸೆರಾದ ಬದಿಯಲ್ಲೇ, ಹುಲ್ಲಿಗೆ ಸುತ್ತಿಕೊಂಡ ನೂಲಿನಂಥ ಕಾಂಡದ ತುದಿಯಲ್ಲಿ ಅರಳಿತ್ತು. ಗಂಟಲಿನ ಹತ್ತಿರ ಬಲೆಯಂಥ ಗೆರೆ. ಸಾಲದ್ದಕ್ಕೆ ಗುಂಡುಸೂಜಿಯ ತಲೆಯಂಥ ಬಿಳಿ ಹೂಗಳು, ಎರಿಯೊಕಾಲಾನ್, ಪಳ್ಳದ ಅಂಚಿನುದ್ದಕ್ಕೂ ಚೆಲ್ಲಿದ್ದವು. ಲಾಲ್‌ಬಾಗಿನ ಗಾಜಿನಮನೆಯಲ್ಲಿ ಆಗಸ್ಟ್ 15ರ ಫಲಪುಷ್ಪ ಪ್ರದರ್ಶನಕ್ಕೆ ನೂಕುನುಗ್ಗಲಲ್ಲಿ ನಿಂತು ಬಂದಿದ್ದ ನನಗೆ, ಟಿಕೆಟ್ಟಿಲ್ಲದ ಈ ಪ್ರದರ್ಶನದಲ್ಲಿ ನೋಡುಗರು ಮೂವರೇ ಎಂಬುದು ವಿಚಿತ್ರವಾಗಿತ್ತು.

ನೀಲಿ ಹೂವಿನ ಗಿಡಕ್ಕೆ ಎಲೆಯೇ ಇದ್ದಂತೆ ಕಾಣುವುದಿಲ್ಲ. ಹೂ ಕಿತ್ತರೆ ಬರುವುದು ಒಂದು ಕಡ್ಡಿ. ವಿಷಯ ಇರುವುದು ನೆಲದೊಳಗೆ. ಹುಡುಗಿ ಮನೆಯಿಂದ ಒಂದು ಕರಟ ತಂದಿದ್ದಳು. ಬುಡದ ಒಂದು ಚಿಟಿಕೆ ಮಣ್ಣನ್ನು ಅದರಲ್ಲಿ ನೀರು ಹಾಕಿ ಅಲುಗಿಸಿದೆವು. ಕೆಂಪು ಕೆಸರು ಕೆಳಗೆ ಕೂತ ಮೇಲೆ ಬಿಳಿಯ ನವಿರಾದ ಎಳೆಗಳು ತೇಲಿದವು, ಎಳೆಗಳ ಮೇಲೆ ಅಲ್ಲಲ್ಲಿ ಗಸಗಸೆಗಿಂತ ಸಣ್ಣ ಪಾರದರ್ಶಕ ಚೀಲಗಳು. ಭೂತಗನ್ನಡಿಯಲ್ಲಿ ಒಂದು ಚೀಲಕ್ಕೆ ಬಾಯಿ, ಬಾಯಿಯ ಹತ್ತಿರ ಮೀಸೆ. ಇದು ಯುಟ್ರಿಕ್ಯುಲೇರಿಯ ರೆಟಿಕ್ಯುಲೇಟ. ಚೀಲದ ಗೋಡೆ ಒಳಗಿನ ನೀರನ್ನು ನಿಧಾನವಾಗಿ ಹೊರಗೆ ಹಾಕುತ್ತದೆ, ಪಕ್ಕೆಗಳು ಒಳಕ್ಕೆ ಸೆಳೆದುಕೊಂಡು ಬಿಗಿಯಾಗುತ್ತವೆ. ಮಣ್ಣಿನ ಕಣಗಳ ನಡುವಿನ ನೀರಿನಲ್ಲಿ ಈಜುವ ಒಂದು ಸೂಕ್ಷ್ಮಜೀವಿ ಬಾಗಿಲ ಕೂದಲನ್ನು ತಾಕಿದರೆ ಬಾಗಿಲು ಒಳಗೆ ಕುಸಿಯುತ್ತದೆ, ನೀರಿನ ಜೊತೆ ಅದೂ ಒಳಗೆ, ಬಾಗಿಲು ಮತ್ತೆ ಬಂದ್. ಆ ಒಳಸೆಳೆತ ಸೆಕೆಂಡಿನ ಸಾವಿರದ ಒಂದು ಪಾಲಿಗಿಂತ ಕಡಿಮೆ ಹೊತ್ತಿನಲ್ಲಿ ನಡೆಯುತ್ತದೆ ಎಂದು 2011ರಲ್ಲಿ ಅತಿವೇಗದ ಕ್ಯಾಮೆರಾ ಇಟ್ಟು ಅಳೆದವರು ಹೇಳಿದ್ದಾರೆ. ಡಾರ್ವಿನ್ನನಿಗೇ ಇದು ತಪ್ಪಿಸಿಕೊಂಡಿತ್ತು. ಪ್ರಾಣಿಗಳೇ ತಲೆಯಿಂದ ಬಾಗಿಲು ತಳ್ಳಿ ಒಳಗೆ ಹೋಗುತ್ತವೆ ಎಂದು ಅವನು ತಿಳಿದಿದ್ದ. ಅಮೆರಿಕದಿಂದ ಅವನಿಗೆ ಪತ್ರ ಬರೆಯುತ್ತಿದ್ದ ಮೇರಿ ಟ್ರೀಟ್ ಎಂಬಾಕೆ ಗಂಟೆಗಟ್ಟಲೆ ಸೂಕ್ಷ್ಮದರ್ಶಕದ ಮುಂದೆ ಕೂತು, ಜೀವಿಗಳು ಒಳಗೆ ಸೆಳೆಯಲ್ಪಡುವುದನ್ನು ನೋಡಿದ್ದಳು. ಈ ಕುಲದ ಗಿಡಗಳಿಗೆ ನಿಜವಾದ ಬೇರೇ ಇಲ್ಲ. ಅವುಗಳಲ್ಲಿ ಒಂದಾದ ಯುಟ್ರಿಕ್ಯುಲೇರಿಯ ಗಿಬ್ಬಾದ ವಂಶವಾಹಿ ಗ್ರಂಥವನ್ನು 2013ರಲ್ಲಿ ಓದಿದಾಗ ಅದು 8 ಕೋಟಿ ಅಕ್ಷರಗಳಷ್ಟೇ ಇತ್ತು. ಮನುಷ್ಯನದು 300 ಕೋಟಿ. ಆದರೆ ಕೆಲಸ ಮಾಡುವ ಜೀನುಗಳ ಸಂಖ್ಯೆಯಲ್ಲಿ ಅದು ನಮಗಿಂತ ಹಿಂದೆ ಬಿದ್ದಿಲ್ಲ.

ಈಗ ನನ್ನ ಶಂಕರಪುರದ ಪ್ರಶ್ನೆ. ಒಂದೇ ಜಾಗ, ಒಂದೇ ಕಸುಬು, ಹೆಗಲಿಗೆ ಹೆಗಲು ತಾಗಿಸಿ ನಿಂತಿವೆ. ಇವೆರಡು ದಾಯಾದಿಗಳೇ ಆಗಿರಬೇಕಲ್ಲ?

ಉತ್ತರ ಸಿಕ್ಕಿದ್ದು ಮಧ್ಯಾಹ್ನದ ಊಟದ ಎಲೆಯ ಮುಂದೆ. ಕುಚ್ಚಿಲಕ್ಕಿ ಅನ್ನ, ಹಲಸಿನ ಬೀಜ ಹಾಕಿದ ಬಸಳೆ ಬೆಂದಿ, ಕೆಂಪು ಹರಿವೆಯ ತಾಳು. ನಾವು ಬೆಂಗಳೂರಿನಲ್ಲಿ ಹುಳಿ, ಪಲ್ಯ ಅನ್ನುವುದಕ್ಕೆ ಅವರು ಬೆಂದಿ, ತಾಳು ಅನ್ನುತ್ತಾರೆ. ಬಡಿಸುತ್ತಿದ್ದ ಭಾವನ ಹೆಂಡತಿಗೆ (ನನಗೆ ಅಕ್ಕ) ನಾನು, ಬೆಳಿಗ್ಗೆ ನೋಡಿದ ಹುಳ ತಿನ್ನುವ ಗಿಡ ಈ ಬಸಳೆಯ, ಈ ಹರಿವೆಯ ದೂರದ ನೆಂಟ ಎಂದೆ. ಅವರು ಸೌಟು ಹಿಡಿದೇ ನಿಂತರು. “ಬಸಳೆಯದ್ದಾ? ಊಟದ ಹೊತ್ತಿಗೆ ಎಂತದು ಮಾತು!” ನಿಜ ಅದೇ. ಕ್ಯಾರಿಯೊಫಿಲೇಲ್ಸ್ ಎಂಬ ದೊಡ್ಡ ಬಳಗದಲ್ಲಿ ಬಸಳೆ, ಹರಿವೆ, ದಂಟು, ಬೀಟ್‌ರೂಟ್, ಸಂಜೆಮಲ್ಲಿಗೆ, ಪಾಪಾಸುಕಳ್ಳಿ, ನಮ್ಮ ಬೀದಿಯ ಕಾಂಪೌಂಡುಗಳ ಬೋಗನ್‌ವಿಲ್ಲಾ ಒಂದು ಕವಲು. ಡ್ರೊಸೆರಾ ಇನ್ನೊಂದು ಕವಲು. ಅಕ್ಕನ ಅಂಗಳದಲ್ಲೇ ತುಳಸಿಕಟ್ಟೆ ಇತ್ತು. ಕಾಕ್ಕಪ್ಪೂವಿನ ನೆಂಟಸ್ತನ ಅತ್ತ. ತುಳಸಿ, ಮಲ್ಲಿಗೆ, ಕನಕಾಂಬರ, ಎಳ್ಳು, ತೇಗ, ದೊಡ್ಡಪತ್ರೆ ಎಲ್ಲ ಸೇರಿದ ಲ್ಯಾಮಿಯೇಲ್ಸ್ ಅದರ ಮನೆ. ಈ ಎರಡು ಮನೆಗಳು ಬೇರೆಯಾಗಿ ಹತ್ತು ಕೋಟಿ ವರ್ಷ ಮೀರಿದೆ. ಪದವಿನ ಮೇಲೆ ಪಕ್ಕ ಪಕ್ಕ ನಿಂತಿದ್ದ ಆ ಇಬ್ಬರು ಕಸುಬುದಾರರು ಒಬ್ಬರಿಗೊಬ್ಬರು ಏನೂ ಅಲ್ಲ. 1992ರಲ್ಲಿ ಜೀನುಗಳನ್ನು ಹೋಲಿಸಿ ನೋಡಿದ ಸಸ್ಯವಿಜ್ಞಾನಿಗಳು ಇದನ್ನು ಖಚಿತವಾಗಿ ತೋರಿಸಿದ ಮೇಲೆ, ಹುಳ ತಿನ್ನುವ ಗಿಡಗಳೆಲ್ಲ ಒಂದೇ ಬಳಗ ಎಂಬ ಭಾವನೆ ಬಿದ್ದುಹೋಯಿತು. ಒಬ್ಬರಿಂದೊಬ್ಬರು ಕಲಿಯದೆ, ಬೇರೆ ಬೇರೆ ಮನೆತನಗಳು ಹತ್ತರ ಆಸುಪಾಸು ಸಲ ಈ ಕಸುಬಿಗೆ ಇಳಿದಿವೆ.

ಬಣ್ಣವೂ ಕಣ್ಣಿಗೆ ಮೋಸ ಮಾಡುತ್ತದೆ. ಹರಿವೆಯ ಕೆಂಪು ಅನ್ನಕ್ಕೆ ಹತ್ತಿದ್ದನ್ನು ನೋಡಿ, ಡ್ರೊಸೆರಾದ ಕೂದಲಿನ ಕೆಂಪೂ ಇದೇ ಇರಬೇಕು, ಮನೆತನದ ಗುರುತು ಎನ್ನಿಸುವುದು ಸಹಜ. ಹರಿವೆ, ಬೀಟ್‌ರೂಟ್, ಮಕ್ಕಳು ಶಾಯಿ ಮಾಡಿ ಆಡುವ ಬಸಳೆಯ ಹಣ್ಣು, ಇವುಗಳ ಕೆಂಪು ಬೀಟಲೇನ್ ಎಂಬ ಬಣ್ಣ. ಡ್ರೊಸೆರಾದ ಕೆಂಪು ಆಂಥೋಸಯನಿನ್, ದಾಸವಾಳ ನೇರಳೆಹಣ್ಣುಗಳಲ್ಲಿರುವ ಬಳಗದ್ದು. ಎರಡನ್ನೂ ಒಟ್ಟಿಗೆ ಮಾಡುವ ಗಿಡ ಇಲ್ಲಿಯವರೆಗೆ ಸಿಕ್ಕಿಲ್ಲ. ಅಂದರೆ ಡ್ರೊಸೆರಾ ಹಳೆಯ ಬಣ್ಣವನ್ನು ಉಳಿಸಿಕೊಂಡ ಕವಲು, ಹರಿವೆಯವರು ಬಣ್ಣ ಬದಲಿಸಿದ ಕವಲು. ಒಂದೇ ಕಸುಬಿನವರು ಪರಕೀಯರು, ಬೇರೆ ಬಣ್ಣದವರು ನೆಂಟರು. ನಮ್ಮ ಬೀದಿಯ ವಿಚಾರಣೆಯ ಕ್ರಮದಲ್ಲಿ ಇದಕ್ಕೆ ಜಾಗವೇ ಇಲ್ಲ. ನಾವು ಮುಖ, ಮಾತು, ಉಪ್ಪಿನಕಾಯಿಯ ರುಚಿ ನೋಡಿ ಊರು ಹೇಳುವವರು.

ಊಟದ ನಂತರ ಮಳೆ ಮತ್ತೆ ಹಿಡಿಯಿತು. ಜಗಲಿಯಲ್ಲಿ ಕೂತು ಭಾವ ಕೇಳಿದರು: “ಅಲ್ಲ ಭಾವ, ಹುಳ ತಿಂದ್ರೆ ಅಷ್ಟು ಲಾಭ ಉಂಟಾದ್ರೆ ನಮ್ಮ ಅಡಿಕೆ ಯಾಕೆ ತಿನ್ನುವುದಿಲ್ಲ? ಗೊಬ್ಬರದ ಖರ್ಚಾದ್ರೂ ಉಳೀತಿತ್ತು.” ಕೃಷಿಕರ ಪ್ರಶ್ನೆ, ಅದಕ್ಕೆ ಲೆಕ್ಕದ ಉತ್ತರವೇ ಇದೆ. ಅಂಟು ತಯಾರಿಸಲು, ಚೀಲದ ನೀರು ಹೊರಹಾಕಲು, ಜೀರ್ಣರಸ ಸುರಿಸಲು ಗಿಡಕ್ಕೆ ಖರ್ಚಿದೆ. ಕೂದಲು ತುಂಬಿದ ಎಲೆ ಬಿಸಿಲು ಹಿಡಿಯುವುದರಲ್ಲಿ ಹಿಂದೆ ಬೀಳುತ್ತದೆ. ಬಿಸಿಲು ಧಾರಾಳ, ನೀರು ಧಾರಾಳ, ಗೊಬ್ಬರ ಮಾತ್ರ ಇಲ್ಲ ಎನ್ನುವ ಕಡೆ ಈ ಖರ್ಚು ಗಿಟ್ಟುತ್ತದೆ. ನೆರಳಿದ್ದರೆ, ನೆಲ ಒಣಗಿದ್ದರೆ, ಮಣ್ಣು ಫಲವತ್ತಾಗಿದ್ದರೆ ನಷ್ಟ. ಥಾಮಸ್ ಗಿವ್ನಿಶ್ ಎಂಬ ಅಮೆರಿಕದ ವಿಜ್ಞಾನಿ ಮತ್ತು ಸಂಗಡಿಗರು 1984ರಲ್ಲಿ ಈ ಜಮಾಖರ್ಚನ್ನು ಬರೆದಿಟ್ಟರು. ಭಾವನಿಗೆ ತಕ್ಷಣ ಹಿಡಿಸಿತು. ತೋಟದಲ್ಲಿ ನೆರಳು ಮತ್ತು ಸೊಪ್ಪುಗೊಬ್ಬರ, ಪದವಿನ ಮೇಲೆ ಎರಡೂ ಇಲ್ಲ. “ಹಾಗಾದ್ರೆ ಇದು ಬಡವರ ಉಪಾಯ” ಎಂದರು.

ನನಗೆ ಲಾಲ್‌ಬಾಗಿನ ಬಂಡೆ ನೆನಪಿಗೆ ಬಂತು. ನಮ್ಮ ಮನೆಯಿಂದ ನಡೆದೇ ಹೋಗಬಹುದಾದ ದೂರ, ಸುಮಾರು 300 ಕೋಟಿ ವರ್ಷದ ನೈಸ್ ಶಿಲೆ, ನೆತ್ತಿಯ ಮೇಲೆ ಕೆಂಪೇಗೌಡರ ಗೋಪುರ. ಅಲ್ಲೂ ಮಳೆಗಾಲದಲ್ಲಿ ಬಂಡೆಯ ತಗ್ಗುಗಳಲ್ಲಿ ನೀರು ನಿಂತು, ಪಾಚಿ ಹುಲ್ಲು ಹುಟ್ಟಿ, ನವೆಂಬರಿನಲ್ಲಿ ಒಣಗಿ ಹೋಗುತ್ತವೆ. ಆದರೆ ಅಲ್ಲಿ ನಾವು ಗೋಪುರ ನೋಡಿ, ಕಡಲೆಕಾಯಿ ತಿಂದು, ಫೋಟೊ ತೆಗೆದು ಇಳಿಯುತ್ತೇವೆ. ಬೆಂಗಳೂರಿನ ನರ್ಸರಿಗಳಲ್ಲಿ ಈಚೆಗೆ ಪರದೇಶದ ನೊಣಹಿಡುಕ ಗಿಡಗಳನ್ನು ಕುಂಡದಲ್ಲಿಟ್ಟು ಮಾರುತ್ತಾರೆ. ಅದನ್ನು ಕೊಳ್ಳುವವರಲ್ಲಿ ಎಷ್ಟು ಮಂದಿಗೆ ತಮ್ಮ ಕರಾವಳಿಯ ಕಲ್ಲಿನ ಮೇಲೆ ಅದರ ಖಾಸಾ ದಾಯಾದಿ ಇದೆ ಎಂದು ಗೊತ್ತೋ.

ಮಳೆ ನಿಂತ ಸಂಜೆ ಇನ್ನೊಮ್ಮೆ ಹತ್ತಿದಾಗ ಭಾವ ದೂರದ ಗುಡ್ಡಗಳನ್ನು ತೋರಿಸಿದರು. ಒಂದರ ಹಿಂದೊಂದು ದಟ್ಟ ಹಸಿರು, ಎಲ್ಲ ಗೇರುತೋಪು. ಅವೂ ಒಂದು ಕಾಲದಲ್ಲಿ ಹೀಗೆಯೇ ಬೋಳು ಪದವುಗಳಾಗಿದ್ದವು. ಕಾಗದದಲ್ಲಿ ‘ಪಾಳು’ ಎಂದಾದ ನೆಲವನ್ನು ಉಪಯೋಗಕ್ಕೆ ತರುವುದು ಯಾರಿಗೂ ತಪ್ಪೆನಿಸಲಿಲ್ಲ. ಆಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಆ ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯಿತು. “ಶಬ್ದ ಕೇಳಿದ ಕೂಡಲೇ ಅಮ್ಮ ಬಾವಿಗೆ ಮಡಲು ಮುಚ್ಚುತ್ತಿದ್ದರು” ಎಂದಷ್ಟೇ ಹೇಳಿ ಅವರು ಸುಮ್ಮನಾದರು. ಆ ವಿಷಕ್ಕೆ ಸಿಕ್ಕ ಪಡ್ರೆ, ಎಣ್ಮಕಜೆಗಳ ಮಕ್ಕಳ ಕಥೆ ಕನ್ನಡದ ಓದುಗರಿಗೆ ಹೊಸದಲ್ಲ, ಅದನ್ನು ಗಿಡದ ಕಥೆಯ ಜೊತೆ ತೂಗುವುದೂ ಸಲ್ಲ. ನಾನು ಕೇಳದೆ ನುಂಗಿಕೊಂಡ ಪ್ರಶ್ನೆ ಮಾತ್ರ ಒಂದಿತ್ತು. ಕೀಟವನ್ನೇ ನಂಬಿ ಕೂತ ಈ ಅಂಗೈಯಗಲದ ಜೀವಗಳು ಆ ಗುಡ್ಡಗಳ ನೆತ್ತಿಯ ಮೇಲೆ ಆಗ ಏನು ತಿಂದವು?

ರಾತ್ರಿ ಮಲಗುವ ಮೊದಲು ಡ್ರೊಸೆರಾದ ವಂಶವೃಕ್ಷವನ್ನು ಹುಡುಗಿಯ ನೋಟುಪುಸ್ತಕದಲ್ಲಿ ಬರೆದುಕೊಟ್ಟೆ. ಅದರಲ್ಲಿ ಅವಳಿಗೆ ಬಹಳ ಇಷ್ಟವಾದದ್ದು ಒಂದು ಬಳ್ಳಿಯ ಪ್ರಸಂಗ. ಡ್ರೊಸೆರಾ, ಮೇಘಾಲಯದ ಹೂಜಿಗಿಡ ನೆಪೆಂಥಿಸ್, ಇವುಗಳ ಮೂಲ ಹಿರಿಯನೊಬ್ಬ ಒಮ್ಮೆ ಮಾಂಸಾಹಾರಕ್ಕೆ ಇಳಿದ; ಅವನ ಸಂತತಿಯಲ್ಲಿ ಪಶ್ಚಿಮ ಆಫ್ರಿಕದ ಟ್ರೈಫಿಯೊಫಿಲಮ್ ಎಂಬ ಬಳ್ಳಿ ಎಳವೆಯಲ್ಲಿ ಮಾತ್ರ ಅಂಟಿನೆಲೆ ಬಿಟ್ಟು ಹುಳ ಹಿಡಿಯುತ್ತದೆ, ದೊಡ್ಡದಾದ ಮೇಲೆ ಬಿಟ್ಟುಬಿಡುತ್ತದೆ. ಅದರ ಒಡಹುಟ್ಟಿದ ಮನೆಯವರು ಆಂಕಿಸ್ಟ್ರೊಕ್ಲಾಡಸ್, ಕೊಕ್ಕೆಗಳಿಂದ ಮರ ಹತ್ತುವ ದಪ್ಪ ಬಳ್ಳಿಗಳು. ಅವರಲ್ಲೊಬ್ಬ ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲೇ ಇದ್ದಾನೆ. ಅವರು ಪೂರ್ತಿ ಸಸ್ಯಾಹಾರಿಗಳು. ಅಜ್ಜನ ಕಾಲದಲ್ಲಿ ಹಿಡಿದದ್ದನ್ನು ಮೊಮ್ಮಕ್ಕಳು ಬಿಟ್ಟರು ಎಂಬುದು ವಿಜ್ಞಾನಿಗಳ ಅಂದಾಜು. ಕಾಡಿನ ನೆರಳಿಗೆ ಬಂದ ಮೇಲೆ ಆ ಖರ್ಚು ಗಿಟ್ಟಲಿಲ್ಲವೋ ಏನೋ. “ಅಂದ್ರೆ ಒಮ್ಮೆ ಶುರು ಮಾಡಿದ್ರೂ ಬಿಡ್ಲಿಕ್ಕಾಗ್ತದೆ” ಎಂದಳು ಹುಡುಗಿ. ಅವಳ ಅಜ್ಜಿ ಒಳಗಿನಿಂದ, ಸಾಕು ಮಲಗು ಎಂದರು.

ಊರಿಗೆ ಮರಳಿದ ಮೇಲೆ ಈ ಕಥೆ ಮುಗಿಯಬೇಕಿತ್ತು. ಆದರೆ ಗಾಂಧಿಬಜಾರಿನಲ್ಲಿ ದಂಟಿನ ಕಟ್ಟು ಕೊಳ್ಳುವಾಗಲೂ ಅದು ಹಿಂಬಾಲಿಸಿತು. ಡ್ರೊಸೆರಾಕ್ಕೆ ಬಸಳೆ ದಂಟುಗಳಿಗಿಂತ ಹತ್ತಿರದ ನೆಂಟ ಒಬ್ಬ ನಮ್ಮ ಬೀದಿಯಲ್ಲೇ ಇದ್ದಾನೆ ಎಂಬುದು ಆಗ ಹೊಳೆಯಿತು: ನೀಲಿ ಚಿತ್ರಮೂಲ. ಶಂಕರಪುರದ ಹಳೆಯ ಮನೆಗಳ ಕಾಂಪೌಂಡಿನಿಂದ ಹೊರಗೆ ಚಾಚಿ ವರ್ಷವಿಡೀ ತಿಳಿನೀಲಿ ಗೊಂಚಲು ಬಿಡುವ ಗಿಡ. ಹುಟ್ಟೂರು ದಕ್ಷಿಣ ಆಫ್ರಿಕ. ಚಿಕ್ಕಂದಿನಲ್ಲಿ ಅದರ ಹೂ ಕಿತ್ತು ಬುಡವನ್ನು ಕಿವಿಗೆ ಅಂಟಿಸಿಕೊಂಡು ಓಲೆ ಎಂದು ಮೆರೆಯದ ಮಕ್ಕಳು ಈ ಪೇಟೆಯಲ್ಲಿಲ್ಲ. ಅಂಟುವುದು ಯಾಕೆ ಎಂದು ನಾವ್ಯಾರೂ ಕೇಳಲಿಲ್ಲ. ಭೂತಗನ್ನಡಿ ಹಿಡಿದು ನೋಡಿದರೆ ಹೂವಿನ ಹಸಿರು ಪುಷ್ಪಪಾತ್ರೆಯ ಮೇಲೆ ಸಾಲು ಸಾಲು ಕಾಲುಳ್ಳ ಗ್ರಂಥಿಗಳು, ತುದಿಯಲ್ಲಿ ಹೊಳೆಯುವ ಅಂಟು. ಪದವಿನ ಮೇಲೆ ಕಂಡದ್ದೇ, ಇನ್ನಷ್ಟು ಗಿಡ್ಡ. ಮೂರನೇ ಗೊಂಚಲಿನಲ್ಲಿ ಒಂದು ಇರುವೆ ಸಿಕ್ಕಿ ಒಣಗಿತ್ತು, ಐದನೆಯದರಲ್ಲಿ ಎರಡು ಗುಂಗಾಡುಗಳು. ಹಸಿವೆಗಲ್ಲ, ಹೂ ಕದಿಯಲು ಬರುವವರನ್ನು ತಡೆಯಲು ಈ ಅಂಟು ಎನ್ನುವುದು ಸಾಮಾನ್ಯ ತಿಳಿವಳಿಕೆ. ಬೀಜ ಮಾಗಿದಾಗ ಅದೇ ಅಂಟಿನಿಂದ ದಾರಿಹೋಕರ ಮೈಗಂಟಿ ದೂರ ಹೋಗಲೂ ಅನುಕೂಲ. ಕಳ್ಳರನ್ನು ತಡೆಯಲು ಇಟ್ಟ ಅಂಟು ಬಡ ನೆಲದಲ್ಲಿ ಊಟದ ಸಾಧನವಾಗಿ ತಿರುಗಿರಬೇಕು ಎಂಬ ಊಹೆಗೆ ನಮ್ಮ ಬೀದಿಯ ಈ ಗಿಡ ಒಂದು ಸಾಕ್ಷಿ.

ಜೀರ್ಣರಸದ ಕಥೆಯೂ ಹಾಗೆಯೇ. ಹುಳದ ಕವಚ ಕರಗಿಸುವ ಕೈಟಿನೇಸ್ ಮೊದಲು ಶಿಲೀಂಧ್ರದ ದಾಳಿ ತಡೆಯಲು ಗಿಡಗಳಲ್ಲಿದ್ದ ಪ್ರೋಟೀನು. ಎಲೆಯನ್ನು ಕಂಬಳಿಹುಳ ಕಚ್ಚಿದಾಗ ಗಿಡದೊಳಗೆ ಎದ್ದು ಓಡುವ ಜಾಸ್ಮೊನೇಟ್ ಎಂಬ ರಕ್ಷಣೆಯ ಸಂದೇಶವೇ ಡ್ರೊಸೆರಾದಲ್ಲಿ ‘ಹುಳ ಸಿಕ್ಕಿತು, ರಸ ಬಿಡು’ ಎಂಬ ಸಂದೇಶ. 2017ರಲ್ಲಿ ಆಸ್ಟ್ರೇಲಿಯದ ಸಿಫಲೋಟಸ್ ಎಂಬ ಹೂಜಿಗಿಡದ ಜೀನುಗಳನ್ನು ಡ್ರೊಸೆರಾ ಮುಂತಾದವುಗಳ ಜೊತೆ ಇಟ್ಟು ನೋಡಿದಾಗ, ಸಂಬಂಧವೇ ಇಲ್ಲದ ಮನೆತನಗಳು ಅದೇ ಹಳೆಯ ರಕ್ಷಣಾ ಪ್ರೋಟೀನುಗಳನ್ನು ಆರಿಸಿ, ಅಲ್ಲಲ್ಲಿ ಅದೇ ತಿದ್ದುಪಡಿ ಮಾಡಿಕೊಂಡಿರುವುದು ಕಂಡಿತು. 2020ರ ಇನ್ನೊಂದು ಅಧ್ಯಯನದಲ್ಲಿ, ಡ್ರೊಸೆರಾ ಮತ್ತು ಅದರ ದಾಯಾದಿಗಳು ಬೇರಿನಲ್ಲಿ ಸತ್ವ ಹೀರಲು ಇದ್ದ ಜೀನುಗಳನ್ನು ಎಲೆಯ ಬಲೆಗೆ ವರ್ಗಾಯಿಸಿಕೊಂಡದ್ದು ತಿಳಿಯಿತು. ನೆಲದಲ್ಲಿ ಏನೂ ಸಿಗದೆ ಹೋದಾಗ ಬೇರಿನ ಕೆಲಸ ಎಲೆಗೆ ಬಂತು. ಯಾವುದನ್ನೂ ಹೊಸದಾಗಿ ತರಿಸಿದ್ದಲ್ಲ, ಮನೆಯಲ್ಲಿದ್ದದ್ದನ್ನೇ ಬೇರೆ ಕೆಲಸಕ್ಕೆ ಹಚ್ಚಿದ್ದು. ಇದನ್ನು ನಾನು ಎದುರು ಮನೆಯ ಹಿರಿಯರಿಗೆ ವಿವರಿಸಿದೆ. ಅವರು ಚಿತ್ರಮೂಲದ ಗೊಂಚಲನ್ನು ಕನ್ನಡಕ ಸರಿಮಾಡಿಕೊಂಡು ನೋಡಿ, “ಹಾಗಾದರೆ ಇದನ್ನು ದೇವರಿಗೆ ಏರಿಸಬಹುದೋ ಇಲ್ಲವೋ?” ಎಂದು ಕೇಳಿದರು. ಏರಿಸಬಹುದು ಎಂದೆ. ಮರುದಿನದಿಂದ ಅವರು ಏರಿಸುತ್ತಿಲ್ಲ.

ಮೊನ್ನೆ ಭಾವ ಫೋನು ಮಾಡಿದ್ದರು. ಹುಡುಗಿ ಒಂದು ಡ್ರೊಸೆರಾವನ್ನು ಕಿತ್ತು ತಂದು, ತೋಟದ ಮಣ್ಣು ಮತ್ತು ಸಗಣಿಗೊಬ್ಬರ ಹಾಕಿದ ಕುಂಡದಲ್ಲಿ ನೆಟ್ಟಿದ್ದಳಂತೆ. ಸತ್ತುಹೋಯಿತು. “ನಾನು ಒಳ್ಳೇದು ಅಂತ ಹಾಕಿದ್ದು ಮಾವ” ಎಂದಳು. ಬೀಜ ಸಿಡಿದು ಬಿದ್ದಿರಬಹುದಾದ ಪದವಿನ ಮರಳುಮಣ್ಣನ್ನು ಈಗ ಒಂದು ಕರಟದಲ್ಲಿ ತುಂಬಿ ಅಟ್ಟದ ಮೇಲೆ ಇಟ್ಟಿದ್ದಾಳೆ. ಬೇಸಗೆಯಿಡೀ ನೀರು ತಾಗಿಸಬಾರದು, ಮಳೆ ಬಂದ ಮೇಲೆ ಅಂಗಳಕ್ಕೆ ಇಡಬೇಕು, ಗೊಬ್ಬರ ಮುಟ್ಟಿಸಬಾರದು ಎಂದು ನಾನು ಹೇಳಿದ್ದನ್ನು ಬರೆದುಕೊಂಡಳು. ಅಜ್ಜಿ ಅದನ್ನು ಕಸವೆಂದು ಎರಡು ಸಲ ಎಸೆಯಲು ಹೊರಟಿದ್ದರಂತೆ.

ಫೋನು ಮತ್ತೆ ಭಾವನ ಕೈಗೆ ಹೋಯಿತು. ಅಡಿಕೆಗೆ ಈ ಸಲ ಕೊಳೆರೋಗ ಜಾಸ್ತಿ ಎಂದರು, ಅತ್ತಿಗೆಯ ಆರೋಗ್ಯ ಕೇಳಿದರು. ಪದವಿನ ಆಚೆ ಬದಿಯಲ್ಲಿ ಕೆಂಪುಕಲ್ಲು ಕೊರೆಯುವ ಮೆಷಿನು ಬಂದು ನಿಂತಿದೆ, ಪಳ್ಳದ ಒಂದು ಅಂಚಿನ ಕಲ್ಲು ಈಗಾಗಲೇ ಲಾರಿ ಹತ್ತಿದೆ. ಸುರಂಗದ ನೀರು ಏನಾಗುತ್ತದೋ ನೋಡಬೇಕು ಎಂದರು. “ಮುಂದಿನ ವರ್ಷ ಬರುವುದಾದ್ರೆ ಆಟಿ ತಿಂಗಳಲ್ಲೇ ಬನ್ನಿ ಭಾವ. ಸೋಣದವರೆಗೆ ಕಾಯಬೇಡಿ.”